ಜುಲೈ ತಿಂಗಳ ಮಂಜುಗಡ್ಡೆ

ಹೇಳದೆ ಹೋಗಬಹುದು ಎಂದಿದೆ ಕಾನೂನು.
ಹೇಳದೆಯೇ ಬಂದೆ, ನರಿನ್ ಪೇಟೆಯ ಠಾಣೆಗೆ,
ಬೆಳಗಿನ ಆರೂಕಾಲಕ್ಕೆ. ಕೈಚೀಲದಲ್ಲಿ
ಒಂದು ರೊಟ್ಟಿ, ಅಮ್ಮನ ಹೊಲಿಗೆ ಟೇಪು,
ನಾಲ್ಕು ಮಡಿಕೆಯ ರಾಜ್ಯಪತ್ರ.

ಆದರೂ ನಿನ್ನೆಯೇ ಸುಣ್ಣವಾಗಿದೆ.
ಗೋಡೆಗೂ ಕಿವಿಯುಂಟು ಅನ್ನುತ್ತಾರಲ್ಲ,
ಈ ಗೋಡೆಗೆ ಬಾಯಿಯೂ ಇತ್ತೇನೋ,
ಹಸಿ ಬಿಳಿಯ ಕೆಳಗೆ ಉಗುರಿನ ಗೀರು ತಡಕಿದರೆ
ಬೆರಳಿಗೆ ಸುಣ್ಣ ಹತ್ತುತ್ತದೆ, ಅಷ್ಟೆ.

ಬನ್ನಿ ಬುರುಲ್ ಅಕ್ಕ, ಮೊದಲು ಚಹಾ,
ಅನ್ನುತ್ತಾನೆ ಠಾಣಾಧಿಕಾರಿ. ಸಕ್ಕರೆ ತಾನೇ ಕಲಕುತ್ತಾನೆ.
ನಾನು ಟೇಪು ಬಿಚ್ಚುತ್ತೇನೆ.
ಕೋಣೆಯ ಅಗಲ ಒಂದೂವರೆ ಮೀಟರು.
ಕಿಟಕಿ ಇಲ್ಲ ಎಂದು ಬರೆಯಲು ಅಳತೆ ಬೇಕಿಲ್ಲ.
ಇದೇ ಟೇಪಿನಲ್ಲಿ ಅಮ್ಮ
ಮದುವೆ ಹೆಣ್ಣುಗಳ ಸೊಂಟ ಅಳೆಯುತ್ತಿದ್ದಳು.

ದಾಖಲೆ ಪುಸ್ತಕ ತರಿಸಿದೆ.
ಕೈದಿ: ಎಸೆನ್‌ಬೆಕ್. ಗಾಯ: ಮೂರು ಪಕ್ಕೆಲುಬು.
ಕಾರಣ: ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದದ್ದು.
ತಾರೀಖು: ಜುಲೈ ಹತ್ತೊಂಬತ್ತು.
ವೈದ್ಯರ ಸಹಿ ದುಂಡಗೆ, ಮುದ್ದಾಗಿದೆ.
ಗಟ್ಟಿಯಾಗಿ ಓದಿದೆ. ಯಾರೂ ನಗಲಿಲ್ಲ.
ಎಸೆನ್‌ಬೆಕ್‌ನನ್ನೇ ಕೇಳಿದೆ.
ಹೌದು, ಮಂಜುಗಡ್ಡೆ, ಅಂದ,
ಬಾಗಿಲ ಕಡೆ ನೋಡುತ್ತ.

ರಾಜಧಾನಿಯಲ್ಲಿ, ಆ ದೊಡ್ಡ ಸಭೆಯಲ್ಲಿ
ಇದಕ್ಕೆಂದೇ ಕೈ ಎತ್ತಿದ್ದರು, ಒಬ್ಬೊಬ್ಬರಾಗಿ,
ಎಣಿಸಿ ಬರೆದುಕೊಂಡಿದ್ದರು.
ಅಲ್ಲಿ ಎತ್ತಿದ್ದೂ ಕೈಯೇ,
ಇಲ್ಲಿ ಎತ್ತುವುದೂ ಕೈಯೇ.
ನಡುವೆ ಒಂದು ಹಗಲಿನ ಕಣಿವೆ ದಾರಿ,
ಎರಡು ಕಡೆ ಬಸ್ಸು ಕೆಡುತ್ತದೆ.

ಹೊರಡುವಾಗ ಗೇಟಿನ ಕಾವಲು ಹುಡುಗ,
ತಲಾಯ್, ಮೀಸೆ ಇನ್ನೂ ಬರಲೋ ಬೇಡವೋ ಎನ್ನುವಂತೆ,
ಬೀಗದ ಕೈ ಹುಡುಕುವ ನೆವದಲ್ಲಿ ಕೇಳಿದ:
‘ಮೇಲಿಂದ ಫೋನು ಬಂದರೆ?
ಆಗುವುದಿಲ್ಲ ಅನ್ನಬಹುದು ಅಂತ
ಎಲ್ಲಾದರೂ ಬರೆದಿದೆಯಾ?’

ಬರೆದಿದೆ. ಮೂರನೇ ಪುಟ, ತಳದ ಸಾಲುಗಳು.
ಮೇಲಿನವರ ಅಪ್ಪಣೆ ನೆಪವಾಗದು.
ಯುದ್ಧವೂ ಕಾರಣವಲ್ಲ, ಯುದ್ಧದ ಭಯವೂ ಅಲ್ಲ.
ಹೊಡೆದವನಿಗೂ ಶಿಕ್ಷೆ, ಹೊಡೆಸಿದವನಿಗೂ.
ತುಟಿ ಆಡಿಸುತ್ತ ಓದಿದ, ಎರಡು ಸಲ,
ಸಾಲಿನ ಕೆಳಗೆ ಬೆರಳಿಟ್ಟು.

ಆಗ ಕಂಡಿತು ಅವನ ಬಲಗೈ ಗೆಣ್ಣು,
ಹಕ್ಕಳೆ ಕಟ್ಟುತ್ತಿರುವ ನಾಲ್ಕು ಗಾಯ,
ಆರೇಳು ದಿನದ್ದಿರಬೇಕು.
ನಾನು ನೋಡಿದ್ದನ್ನು ಅವನೂ ನೋಡಿದ.
ಕೈ ಹಿಂದೆ ತೆಗೆಯಲಿಲ್ಲ.

ಹಾಳೆ ಅವನಿಗೇ ಕೊಟ್ಟೆ.
ಹೆಸರು ವರದಿಗೆ ಬರೆದುಕೊಂಡೆ.
ಎರಡೂ ನನ್ನ ಕೆಲಸವೇ.

ಬಸ್ಸಿನಲ್ಲಿ ರೊಟ್ಟಿ ಮುರಿದಾಗ ನೆನಪಾಯಿತು,
ಬೆರಳ ಸುಣ್ಣ ತೊಳೆದಿರಲಿಲ್ಲ.