ಮ್ಲಿಂಬಾದ ಆಚೆ ನಿಂತ ರೈಲು

ಆಗಸ್ಟಿನ ಚಳಿ. ಎಂಪಿಕಾ ಊರಿನ ಶಾಲೆಯಂಗಳ.
ಕತ್ತಲಿರುವಾಗಲೇ ಬಂದರೂ ನನ್ನ ಮುಂದೆ ಇನ್ನೂರು ಬೆನ್ನು.
ಎದುರಿಗಿರುವ ಬೆನ್ನು ಕಸುಬಾನದು:
ಪಕ್ಷದ ಅಂಗಿ ತೊಟ್ಟು ಬರಬಾರದೆಂದು ಪೊಲೀಸರು ಗದರಿದ್ದಕ್ಕೆ
ಅಲ್ಲೇ ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡಿದ್ದಾನೆ.
ಈಗ ಅಭ್ಯರ್ಥಿಯ ಮುಖ ಅವನ ಬೆನ್ನುಮೂಳೆಗೆ ಮುತ್ತಿಡುತ್ತಿದೆ.

ನನಗೂ ಕೊಟ್ಟಿದ್ದರು, ಎರಡೂ ಕಡೆಯವರು, ಎರಡೆರಡು ಗಜ ಚಿಟೆಂಗೆ ಬಟ್ಟೆ.
ಬೇಡವೆನ್ನಲಿಲ್ಲ.
ಒಂದರಲ್ಲಿ ಕಡಲೆಕಾಯಿ ಕಟ್ಟಿಟ್ಟೆ.
ಇನ್ನೊಂದರಲ್ಲಿ ಮೊಮ್ಮಗು ನನ್ನ ಬೆನ್ನ ಮೇಲೆ ಮಲಗುತ್ತದೆ,
ನಾಯಕರ ಮೂಗಿನ ಮೇಲೆ ಉಚ್ಚೆ ಹೊಯ್ದುಕೊಂಡು.

ಸಾಲಿನಲ್ಲಿ ನಿಲ್ಲುವುದು ನನಗೆ ಹೊಸದಲ್ಲ, ಮಗಳೇ
(ಹಿಂದಿರುವ ಹುಡುಗಿಗೆ ಹೇಳುತ್ತೇನೆ, ಅವಳಿಗಿದು ಮೊದಲ ಮತ,
ಫೋನಿನಿಂದ ಕಣ್ಣೆತ್ತುವುದಿಲ್ಲ).
ಹತ್ತೊಂಬತ್ತು ವರ್ಷ ದಾರ್ ಎಸ್ ಸಲಾಮಿಗೆ ರೈಲಿನಲ್ಲಿ ಹೋಗಿ ಬಂದವಳು ನಾನು.
ಹೋಗುವಾಗ ಒಣಗಿಸಿದ ಕಂಬಳಿಹುಳದ ಮೂಟೆ,
ಬರುವಾಗ ಪ್ಲಾಸ್ಟಿಕ್ ಚಪ್ಪಲಿ, ಒಣಮೀನು.
ವೇಳಾಪಟ್ಟಿ ಗೋಡೆಯ ಮೇಲೆ, ರೈಲು ದೇವರ ಕೈಯಲ್ಲಿ.
ನಕೊಂಡೆ ಗಡಿಯಲ್ಲಿ ದುಡ್ಡನ್ನು ಜೋಳದ ಹಿಟ್ಟಿನ ಉಂಡೆಯೊಳಗೆ ಬಚ್ಚಿಟ್ಟಿದ್ದು,
ಒಮ್ಮೆ ಮರೆತು ಒಂದು ನೋಟು ನುಂಗಿದ್ದು.
ಸುರಂಗದೊಳಗೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದುದು,
ಯಾಕೆಂದು ನನಗೆ ಇಂದಿಗೂ ತಿಳಿಯದು.
ನಸುಕಿನಲ್ಲಿ ಕಿಟಕಿಯ ಎತ್ತರಕ್ಕೇ ಬಂದು ನಿಂತ ಜಿರಾಫೆಯ ಕಣ್ಣು,
ಸಾಲ ಕೇಳಲು ಬಂದು ಕೇಳಲಾರದ ನೆಂಟಳ ಹಾಗೆ.
ಕೊನೆಗೆ ಸಮುದ್ರ. ಇಷ್ಟು ನೀರಿಗೆ ಕಾವಲು ಯಾರು
ಎಂದು ಕೇಳಿ ನಗೆಗೀಡಾದೆ.

ಈ ಸಲ ನೀರಿನದೇ ಮಾತು. ಮನೆಮನೆಗೆ ನಲ್ಲಿಯಂತೆ.
ಹೋದ ಸಲವೂ ನಲ್ಲಿಯೇ.
ಅದರ ಹಿಂದಿನ ಸಲ ಅಂಗೈಯಲ್ಲಿ ಆಕಾಶ ತೋರಿಸಿದವನು
ಆಕಾಶದಿಂದ ಬಿದ್ದದ್ದನ್ನೂ ತನ್ನ ಲೆಕ್ಕಕ್ಕೆ ಬರೆದುಕೊಂಡ.

ನನಗೆ ನೆನಪಿರುವ ಚುನಾವಣೆ ಒಂದೇ.
ಮ್ಲಿಂಬಾ ದಾಟಿದ ಮೇಲೆ ಎಂಜಿನ್ ಸತ್ತು ಎರಡು ರಾತ್ರಿ ನಿಂತಾಗ
ಮೂರನೇ ದರ್ಜೆಯ ಡಬ್ಬಿಯಲ್ಲಿ ಅರವತ್ತು ಜನ,
ಒಂದು ಕ್ಯಾನು ನೀರು, ಒಂದು ತಗಡಿನ ಲೋಟ.
ಲೋಟ ಯಾರ ಕೈಯಲ್ಲಿರಬೇಕು?
ಕೈ ಎತ್ತಿದೆವು.
ಟೈ ಕಟ್ಟಿದ್ದವನಿಗೆ ಎತ್ತಿದೆವು. ನಾನಂತೂ ಎರಡೂ ಕೈ.
ಅಂಥ ಬಿಳಿ ಕಾಲರು, ಅಷ್ಟು ಧೂಳಿನ ಮಧ್ಯೆ!
ಬಾಯಿ ತೆರೆದರೆ ಬೈಬಲ್ಲು, ಅದೂ ನಾಲ್ಕು ಭಾಷೆಯಲ್ಲಿ.
ನಡುರಾತ್ರಿ ಅವನು ಅದೇ ನೀರಿನಲ್ಲಿ ಕಾಲರು ಒಗೆಯುವುದನ್ನು ಕಂಡೆ.

ಯಾರಿಗೂ ಹೇಳಲಿಲ್ಲ. ನಾಚಿಕೆ. ಕೈ ಎತ್ತಿದ್ದು ನಾನೇ ಅಲ್ಲವೇ.
ಬೆಳಿಗ್ಗೆ ಹೇಗೋ ಎಲ್ಲರಿಗೂ ಗೊತ್ತಾಗಿತ್ತು.
ಗಲಾಟೆಯಿಲ್ಲ, ಭಾಷಣವಿಲ್ಲ. ಒಬ್ಬ ಹುಡುಗ ಲೋಟ ತೆಗೆದುಕೊಂಡು ಹೋಗಿ
ಬಾಗಿಲ ಬಳಿ ಕೂತಿದ್ದ ಮುದುಕಿಯ ಮಡಿಲಲ್ಲಿಟ್ಟ.
ಅವಳಿಗೆ ನಮ್ಮ ಯಾರ ಮಾತೂ ಬರುತ್ತಿರಲಿಲ್ಲ.
ಲೋಟದೊಳಗೆ ಹೆಬ್ಬೆರಳು ಇಳಿಬಿಟ್ಟು,
ನೀರು ಬೆರಳಿನ ಗಂಟು ಮುಟ್ಟುವವರೆಗೆ ಸುರಿದಳು.
ಎಲ್ಲರಿಗೂ ಅಷ್ಟೇ.
ಟೈ ಕಟ್ಟಿದವನಿಗೂ ಅಷ್ಟೇ.
ಅವಳ ಬೆರಳು ತೊಳೆದ ನೀರನ್ನು ಅರವತ್ತು ಜನ ಕುಡಿದೆವು.
ಹೆಸರು ಕೇಳಲಿಲ್ಲ. ಇಫಾಕಾರಾದಲ್ಲಿ ಇಳಿದಳೋ ಏನೋ,
ನಾನು ಮೂಟೆ ಎಣಿಸುತ್ತಿದ್ದೆ.

ಹತ್ತೂವರೆಗೆ ನನ್ನ ಸರದಿ.
ಪೆನ್ನಿಗೆ ದಾರ ಕಟ್ಟಿದ್ದಾರೆ, ಮೇಕೆಗೆ ಕಟ್ಟುವಂತೆ.
ಕಾಗದದ ತುಂಬ ಕಾಲರುಗಳು.
ಬಹಳ ಹೊತ್ತು ನೋಡಿದೆ. ಕೈ ಯಾರದೂ ಕಾಣುವುದಿಲ್ಲ,
ಫೋಟೋ ಎದೆಗೇ ಮುಗಿದುಹೋಗುತ್ತದೆ.
ಒಂದರ ಮುಂದೆ ಕತ್ತರಿ ಗುರುತು ಹಾಕಿ ಮಡಚಿದೆ.

ಶಾಯಿಯ ಶೀಶೆಗೆ ಹೆಬ್ಬೆರಳು ಇಳಿಸಿದೆ, ಗಂಟು ಮುಟ್ಟುವವರೆಗೆ.
ಅಷ್ಟು ಬೇಡ ಅಜ್ಜಿ, ಉಗುರು ಸಾಕು, ಎಂದಳು ಮೇಜಿನ ಹುಡುಗಿ.

ಹೊರಗೆ ಕಸುಬಾ ಅಂಗಿಯನ್ನು ಸರಿಮಗ್ಗುಲು ಮಾಡಿಕೊಳ್ಳುತ್ತಿದ್ದ.
ಯಾರಿಗೆ ಹಾಕಿದೆ?
ತಾಳಪ್ಪ, ಒಣಗಲಿ.