ಮೂರನೇ ಹುಟ್ಟು

ಬೆಳ್ಳಿ ನೀರು ಕುಡಿಸಿದ ಆ ಕಪ್ಪಿನ ಮೇಲೆ
ಆರು ಹೆಸರು ಕೊರೆದಿದ್ದಾರೆ.
ಮೂರನೆಯದು ಎಸ್. ವಿ. ನಾಡಕರ್ಣಿ.
ಅದು ನಾನು.
ಎಂದರೆ, ಆ ಭಾನುವಾರ ಬೆಳಗಿನ ಅರ್ಧ ತಾಸಿನ ಮಟ್ಟಿಗೆ.
ಹುಟ್ಟು ನನ್ನದು, ಹೆಸರು ಅವನದು.
ಅಸಲು ನಾಡಕರ್ಣಿಗೆ ನೀರೆಂದರೆ ಬಚ್ಚಲಿನದು ಮಾತ್ರ ಗೊತ್ತು;
ಹಾಸ್ಟೆಲಿನ ಕೋಣೆಯಲ್ಲಿ ಅಡಗಿ ಕೂತಿದ್ದ, ಚಹಾ ಕುಡಿಯುತ್ತ.

ಸೇತುವೆ ಇರಲಿಲ್ಲ ಆಗ.
ಕಾಳಿ ದಾಟಲು ಲಾಂಚು, ಲಾಂಚು ಕೆಟ್ಟರೆ ನಮ್ಮ ಅಪ್ಪ.
ಕಾರವಾರ ಕಾಲೇಜಿಗೂ ಕುಮಟೆ ಕಾಲೇಜಿಗೂ ಹಗೆ.
ನಾಟಕದ ಸ್ಪರ್ಧೆಯಲ್ಲಿ ಯಾರೋ ಯಾರದೋ
ಅಂಟಿಸಿದ ಗಡ್ಡ ಕಿತ್ತಿದ್ದರಿಂದ ಶುರುವಾದದ್ದಂತೆ.
ಗಡ್ಡದಿಂದ ದೋಣಿಗೆ ಹೇಗೆ ಬಂತೋ, ನನಗೆ ತಿಳಿಯದು.
ಆಟದ ಮಾಸ್ತರರು ನಮ್ಮ ಅಂಗಳಕ್ಕೆ ಬಂದರು,
ಒಣಹಾಕಿದ ಬಂಗಡೆ ತುಳಿಯದಂತೆ ಕಾಲು ಎತ್ತೆತ್ತಿ ಇಡುತ್ತ.
ಒಂದು ಬಿಳಿ ಬನಿಯನ್ನು, ಗೆದ್ದರೆ ಏಳು ರೂಪಾಯಿ.
"ಪುರ್ಸು, ಬಾಯಿ ಮಾತ್ರ ತೆಗೆಯಬೇಡ ಮಾರಾಯ.
ನಾಡಕರ್ಣಿ ಕೊಂಕಣಿ ಬೇರೆ, ನಿನ್ನ ಕೊಂಕಣಿ ಬೇರೆ."

ಕೋಡಿಬಾಗದ ದಡದಲ್ಲಿ ಜನವೋ ಜನ,
ಕಚೇರಿಯವರು, ಕೊಡೆಯ ಹೆಂಗಸರು, ಸೋಡಾ ಗಾಡಿ.
ಬಾವುಟ ಏಳುವ ಮೊದಲು ಪಕ್ಕದ ದೋಣಿ ನೋಡಿದೆ.
ನೀಲಿ ಬನಿಯನ್ನು, ಮೂರನೇ ಹಲಗೆ,
ಅಂಗೈಗೆ ಉಗುಳಿ ಹುಟ್ಟಿನ ಹಿಡಿ ಉಜ್ಜುವ ಆ ರೀತಿ.
ಶಾಣು. ನನ್ನ ಅಣ್ಣ.
ಮಾಜಾಳಿಗೆ ರಂಪಣಿ ಎಳೆಯಲು ಹೋಗುತ್ತೇನೆಂದು
ಆಯಿಗೆ ಹೇಳಿ ನಸುಕಿಗೇ ಎದ್ದು ಹೋದವನು.
ನಾನೂ ಅದನ್ನೇ ಹೇಳಿ ಬಂದಿದ್ದೆ.
ನಗು ಬಂತು. ಅವನಿಗೂ.
ಅಷ್ಟರಲ್ಲಿ ಬಾವುಟ.

ಎದುರಿಗೆ ಸದಾಶಿವಗಡ. ಎದುರಿಗೆ ಎಂದರೆ ಬೆನ್ನಿಗೆ;
ಹುಟ್ಟು ಹಾಕುವವನಿಗೆ ಕಾಣುವುದು ಬಿಟ್ಟು ಬಂದ ದಡ ಮಾತ್ರ.
ಅಪ್ಪ ಹೇಳುತ್ತಿದ್ದ: ಕಣ್ಣು ಹಿಂದೆ ಉಳಿದಾಗ
ಕುಂಡೆಯಿಂದ ನೀರು ಕೇಳಬೇಕು.
ಇಳಿತ ಜೋರಿತ್ತು. ಕಾಳಿ ತನ್ನನ್ನು ತಾನೇ
ಕಡಲಿಗೆ ನೂಕಿಕೊಳ್ಳುತ್ತಿತ್ತು, ಎರಡು ದೋಣಿಯನ್ನೂ ಕೂಡಿಸಿ.
ಮರಳದಿಬ್ಬದ ಮಗ್ಗುಲಲ್ಲಿ ಒಂದು ಎಳೆ ನೀರು
ಹಿಂದಕ್ಕೆ ಹರಿಯುತ್ತದೆ, ಇಳಿತದಲ್ಲಿ ಮಾತ್ರ,
ಒಂದು ದೋಣಿ ಹಿಡಿಯುವಷ್ಟು ಅಗಲ.
ಹಲಗೆಯ ಕೆಳಗೆ ಅದು ಮಿಸುಕಿದ್ದು ಗೊತ್ತಾಯಿತು.
ಬಾಯಿ ತೆಗೆದೆ: "ದಾವ್ಯಾಕ್! ದಾವ್ಯಾಕ್ ಘೇ!"
ಚುಕ್ಕಾಣಿ ಹಿಡಿದ ಬಿ.ಎಸ್ಸಿ. ಹುಡುಗ
ಹೆದರಿಯೇ ಎಡಕ್ಕೆ ತಿರುಗಿಸಿದ.
ಅದೇ ಗಳಿಗೆ ಆ ದೋಣಿಯಿಂದ ಅದೇ ಮಾತು,
ಅದೇ ರಾಗ, ಅಪ್ಪನ ರಾಗ.

ದಡದವರು ತಲೆ ಚಚ್ಚಿಕೊಂಡರು:
ಎರಡೂ ದೋಣಿ ಹುಚ್ಚು ಹಿಡಿದಂತೆ ದಾರಿ ಬಿಟ್ಟು
ಏನೂ ಇಲ್ಲದ ಕಡೆಗೆ ಓಡುತ್ತಿವೆ!
ಹುಟ್ಟಿಗೆ ಹುಟ್ಟು ತಾಗಿತು. ಟಕ್. ಇನ್ನೊಮ್ಮೆ ಟಕ್.
ಮೂರನೇ ಸಲ ತಾಗಲಿಲ್ಲ.
ನೋಡಿದರೆ ಶಾಣುವಿನ ಹುಟ್ಟು ಗಾಳಿಯಲ್ಲಿ,
ನೀರು ತೊಟ್ಟಿಕ್ಕುತ್ತ,
ಒಂದೇ ಒಂದು ಎಳೆತದ ಹೊತ್ತು.
ಅಷ್ಟು ಸಾಕಾಯಿತು ನಮಗೆ.

ರಾತ್ರಿ ಕೇಳಿದೆ. ಜೊಂಡು ಸುತ್ತಿತ್ತು ಎಂದ.
ಅಲ್ಲಿ ಜೊಂಡು ಎಲ್ಲಿಂದ ಬರಬೇಕು?
ಸುಮಾರು ಹೊತ್ತಿನ ಮೇಲೆ, ಗೋಡೆ ಕಡೆ ಮಗ್ಗುಲಾಗಿ:
"ನಿನ್ನ ಮಾಸ್ತರು ಮೊದಲು ನನ್ನನ್ನೇ ಕೇಳಿದ್ದು.
ದುಡ್ಡು ಗೆದ್ದರೆ ಮಾತ್ರ ಅಂದ, ಬೇಡ ಅಂದೆ.
ಕುಮಟೆಯವರು ಕೈಮೇಲೆ ಕೊಟ್ಟರು."
ಎರಡೂ ಕೂಡಿಸಿ ಹದಿಮೂರು ರೂಪಾಯಿ.
ಆಯಿ ಎಲ್ಲಿಂದ ಎಂದು ಕೇಳಲಿಲ್ಲ, ಬಲೆಯ ನೂಲು ತರಿಸಿದಳು.

ಸೇತುವೆ ಬಂತು. ಹಳತಾಗಿ ಒಂದು ರಾತ್ರಿ ಬಿತ್ತೂ ಬಿತ್ತು.
ಶಾಣು ಅದಕ್ಕೂ ಮೊದಲೇ ಹೋದ.
ಮೊನ್ನೆ ಮದುವೆ ಮನೆಯೊಂದಕ್ಕೆ
ಮಗನ ಟೆಂಪೋದಲ್ಲಿ ಕುರ್ಚಿ ತಂದವನು ಕೇಳಿದೆ:
ಬ್ಯಾಂಕಿನಿಂದ ನಿವೃತ್ತರಾದ ನಾಡಕರ್ಣಿ ಸಾಹೇಬರು
ಮೊಮ್ಮಕ್ಕಳಿಗೆ ಆ ಪಂದ್ಯ ಹೇಳುತ್ತಿದ್ದಾರೆ,
ಎಳೆತಕ್ಕೆ ಎಳೆತ, ಅಂಗೈ ಬಿಡಿಸಿ ಬಿಡಿಸಿ.
ಚೆನ್ನಾಗಿ ಹೇಳುತ್ತಾರೆ. ನನಗಿಂತ ಚೆನ್ನಾಗಿ.
ಆ ದಿನದ ಗಾಳಿ ಯಾವ ದಿಕ್ಕಿನದೆಂದು ನನಗೇ ಮರೆತಿತ್ತು.
ಒಂದು ಕಡೆ ಮಾತ್ರ ತಪ್ಪಿದರು:
ಎಡಕ್ಕೆ ಎಂದು ಕೂಗಿದ್ದು
ಒಬ್ಬನೇ ಎಂದರು.