ತಗ್ಗು

ಹಟ್ಟಿಯ ನಮ್ಮ ಸಾಲಿಯಲ್ಲಿ ಹಾರ್ಮೋನಿಯಂ ಇರಲಿಲ್ಲ.
ಗೋಡೆಯಾಚೆ ಗಣಿಯ ವೈಂಡರ್ ಇತ್ತು.
ಉಕ್ಕಿನ ಹಗ್ಗಕ್ಕೆ ಜೋತ ಕೇಜು
(ನಾವದನ್ನು ತೊಟ್ಟಿಲು ಅಂತಿದ್ದೆವು)
ಮೊದಲ ಪಾಳಿಯವರನ್ನು ನೆಲದೊಳಗೆ ಇಳಿಸುವಾಗ
ಒಂದೇ ಸ್ವರ, ಗುಂಯ್ ಅಂತ,
ಬೇವಿನ ಗಿಡ ದಾಟಿ
ಪ್ರಾರ್ಥನೆಗೆ ನಿಂತ ನಮ್ಮ ಅಂಗಾಲಿಗೆ ಬರುತ್ತಿತ್ತು.

"ಅದನ್ನ ಹಿಡಕೋ ಗದ್ದೆಮ್ಮ, ಅಲ್ಲಿಂದ ಎತ್ತು"
ಅಂದವರು ಮೌನೇಶ ಸರ್,
ಪೀಟಿ ಮಾಸ್ತರು. ಸೀಟಿ ಬಿಟ್ಟರೆ
ಬೇರೆ ವಾದ್ಯ ಮುಟ್ಟಿದವರಲ್ಲ.

ರಾಷ್ಟ್ರಗೀತೆ ಅಂದರೆ ಸಸಾರ ಅಲ್ಲ.
ಶುರುವಿಗೆ ಎರೆಹೊಲದಂಥ ಬಯಲು, ಯಾರೂ ನಡೆಯಬಹುದು.
ನಡುವೆ ನಾವು ನೋಡದ ನಾಡುಗಳ ಹೆಸರು,
ಹೊಳೆ, ಗುಡ್ಡ, ನಾಲಗೆ ಎಡವುವ ಒತ್ತು.
ಕೊನೆಗೆ ಹೇಳದೆ ಕೇಳದೆ ಏರು.
ಮೇಲೆ ಶುರು ಮಾಡಿದವರೆಲ್ಲ ಅಲ್ಲಿ ಒಡೆಯುತ್ತಾರೆ,
ಒಂಬತ್ತನೆತ್ತೆಯ ವೀರನಗೌಡ ಪ್ರತಿ ವರ್ಷ ಒಡೆದ ಹಾಗೆ,
ಹುಡುಗಿಯರು ಸೆರಗಿಲ್ಲದೆ ಅಂಗೈಯಲ್ಲಿ ನಕ್ಕ ಹಾಗೆ.

ಮಹಾಪ್ರಾಣ ನಮ್ಮ ಯಾರ ಮನೆಯಲ್ಲೂ ಇರಲಿಲ್ಲ.
ಶಂಶಾದಳ ಮನೆಯಲ್ಲಿತ್ತು.
ಪಾಟಿಯ ಮೇಲೆ ಹಬೆ ಬೀಳುವಂತೆ ಉಸಿರು ಬಿಡು ಅಂದಳು.
ಒಂದು ತಿಂಗಳು ಪಾಟಿ ತೊಯ್ಯಿಸಿದೆವು.
ಹೆಡ್‌ಮಾಸ್ತರು ಗಡಿಯಾರ ಹಿಡಿದು ನಿಂತರು:
ಐವತ್ತೆರಡು ಸೆಕೆಂಡು. ಹೆಚ್ಚಿಲ್ಲ, ಕಡಿಮಿಲ್ಲ.
ವೈಂಡರ್ ಗುಂಯ್ ಅಂದಿತು, ನಾನು ಎತ್ತಿದೆ,
ಐವತ್ತೆರಡಕ್ಕೇ ಬಂದು ಮುಟ್ಟಿದೆವು.

ಆಗಸ್ಟ್ ಹದಿನೈದಕ್ಕೆ ಗಣಿಗೆ ರಜೆ.
ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಬಾವುಟ ಬಿಚ್ಚಿತು. ಚೆಂಡುಹೂವಿನ ಎಸಳು
ಹೆಡ್‌ಮಾಸ್ತರ ಟೋಪಿಯ ಮೇಲೆ ಬಿದ್ದವು.
ನಾನೂರು ಮಕ್ಕಳು ನನ್ನ ಬಾಯಿ ನೋಡಿದರು.
ಅಂಗಾಲಿನಲ್ಲಿ ಹುಡುಕಿದೆ.
ಬರೀ ನೆಲ.

ಎತ್ತರಕ್ಕೆ ಹೋದೀತೆಂಬ ಹೆದರಿಕೆಗೆ
ಎಷ್ಟು ತಗ್ಗಿಗೆ ಇಳಿದೆನೆಂದರೆ
ಅಪ್ಪ ನಿದ್ದೆಯಲ್ಲಿ ಗೊಣಗುವ ದನಿ ನನ್ನ ಬಾಯಲ್ಲಿ ಬಂತು.
ಶಂಶಾದ್ ತಿರುಗಿ ಕಣ್ಣು ಬಿಟ್ಟಳು.
ಸಣ್ಣ ಮಕ್ಕಳ ದನಿ ಕೆಸರಿಗೆ ಸಿಕ್ಕ ಚಪ್ಪಲಿ.
ಕೆಟ್ಟಿತು, ಎಲ್ಲ ಕೆಟ್ಟಿತು ಅನ್ನುವಾಗ

ಬೇಲಿಯ ಹತ್ತಿರ ಯಾರೋ ಕೆಮ್ಮಿದರು.
ಕೆಮ್ಮಲ್ಲ. ಅದು ಎರಡನೇ ಸಾಲು.

ರಜೆಯ ಬಿಳಿ ಅಂಗಿಯ ಗಂಡಸರು,
ಕೂದಲಿಗೆ ಎಣ್ಣೆ, ಕಿವಿಯೊಳಗೆ ಇನ್ನೂ ಬೂದಿಬಣ್ಣದ ಧೂಳು,
ವರ್ಷವರ್ಷವೂ ಕೈ ತೊಡೆಗೆ ಅಂಟಿಸಿ
ಬಾಯಿ ಬಿಗಿದು ನಿಂತವರು.
ಬಾರದ್ದಕ್ಕಲ್ಲ. ನಾಲ್ಕನೆತ್ತೆಯವರೆಗೆ
ಅವರೂ ಇದೇ ಬೇವಿನ ಕೆಳಗೆ ನಿಂತವರೇ.
ಅವರ ಕೈಗೆಟುಕುವಲ್ಲಿ
ಯಾರೂ ಹಾಡು ಇಟ್ಟಿರಲಿಲ್ಲ, ಅಷ್ಟೆ.

ಒಬ್ಬ, ಆಮೇಲೆ ಆರು ಜನ, ಆಮೇಲೆ ಲೆಕ್ಕ ಸಿಗಲಿಲ್ಲ.
ಅಂಗಾಲಿಗೆ ಏನೋ ಬಂತು.
ನಾಡುಗಳ ಹೆಸರು ಒಂದೊಂದೇ ದಾಟಿದೆವು,
ಅಲ್ಲಲ್ಲಿ ಮಹಾಪ್ರಾಣ ಬಿದ್ದುಹೋಯಿತು, ಯಾರೂ ಬಗ್ಗಿ ಎತ್ತಲಿಲ್ಲ.
ಏರು ಬಂತು.
ಪಾಳಿ ಮುಗಿದ ತೊಟ್ಟಿಲಿನಂತೆ,
ಒಳಗಿದ್ದವರ ಭಾರ ಬಲ್ಲ ಹಾಗೆ,
ಅವಸರವಿಲ್ಲದೆ ಮೇಲೆ, ಇನ್ನೂ ಮೇಲೆ,
ಬೆಳಕಿಗೆ.
ಒಡೆಯಲಿಲ್ಲ. ವೀರನಗೌಡನೂ ಒಡೆಯಲಿಲ್ಲ.

"ಐವತ್ತೆಂಟು" ಅಂದರು ಹೆಡ್‌ಮಾಸ್ತರು, ಗಡಿಯಾರ ನನ್ನ ಮುಖಕ್ಕೆ ಹಿಡಿದು.
"ಆರು ಸೆಕೆಂಡು ಎಲ್ಲಿ ಕಳದಿ?"
ಮೌನೇಶ ಸರ್ ಸುಮ್ಮನೆ ಸೀಟಿ ಒರೆಸುತ್ತಿದ್ದರು.

ಮಧ್ಯಾಹ್ನ ಸಜ್ಜಿರೊಟ್ಟಿ ಮುರಿಯುತ್ತ ಅಪ್ಪ,
ಮಾತು ಕಡಿಮೆಯ ಆದೆಪ್ಪ, ಕೇಳಿದ:
"ನಡುವಿನ ಸಾಲಿನಾಗ ಒಂದು ದೊಡ್ಡ ಮಾತು ಬರ್ತದಲ್ಲ,
ಇವತ್ತ ನನ್ನ ಬಾಯಾಗೂ ಬಂತು.
ಅದರ ಅರ್ಥ ಏನಬೇ?"

ನನಗೂ ಗೊತ್ತಿರಲಿಲ್ಲ.
ಅದಕ್ಕೂ ಮೊದಲು ಎಲ್ಲಿ ಉಸಿರು ತಗೋಬೇಕು
ಅನ್ನುವುದಷ್ಟೇ ಗೊತ್ತಿತ್ತು. ಅದನ್ನೇ ಹೇಳಿದೆ.

ಅಪ್ಪ ರೊಟ್ಟಿ ಕೆಳಗಿಟ್ಟ.
ಅಲ್ಲೇ, ತಾಟಿನ ಮುಂದೆ,
ಬೆನ್ನು ನೆಟ್ಟಗೆ ಮಾಡಿ
ಒಮ್ಮೆ ಉಸಿರು ತಗೊಂಡು ನೋಡಿದ.